ಖರಾಬೆಂದು ಬರೆದಿಟ್ಟ ಕಡಲತೀರ

ನಮ್ಮ ಕಂದಾಯ ದಾಖಲೆಗಳಲ್ಲಿ ‘ಖರಾಬು’ ಎಂಬುದೊಂದು ಮಾತಿದೆ. ಸಾಗುವಳಿಗೆ ಬಾರದ, ಆದ್ದರಿಂದ ಕಂದಾಯವನ್ನೂ ತಾರದ ನೆಲಕ್ಕೆ ಆ ಹೆಸರು. ಅದರಲ್ಲಿಯೂ ಎರಡು ಬಗೆ. ಬಂಡೆ, ಕೊರಕಲು, ಏನೂ ಬೆಳೆಯದ ನೆಲ ‘ಅ’ ಖರಾಬು; ದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟಿದ್ದು ‘ಬ’ ಖರಾಬು. ಭೂಮಿಯನ್ನು ರಾಜ್ಯದ ಬೊಕ್ಕಸದ ಕಣ್ಣಿನಿಂದ ನೋಡಿದ ಕಾಲದ ಪದವಿದು. ಬೊಕ್ಕಸಕ್ಕೆ ಏನನ್ನೂ ಕೊಡದ್ದು ಕೆಟ್ಟದ್ದು ಎಂಬ ತರ್ಕ ಅದರೊಳಗೇ ಅಡಗಿದೆ. ಊರಿನ ಎಲ್ಲರಿಗೂ ಬೇಕಾದ ನೆಲವೆಲ್ಲ ಹೀಗೆ ಖರಾಬಿನ ಪಟ್ಟಿಗೆ ಸೇರಿ ಕುಳಿತಿರುವುದು ಭಾಷೆಯ ವಿನೋದವೆಂದು ನಕ್ಕು ಬಿಡಬಹುದಾಗಿತ್ತು, ಆ ಪಟ್ಟಿಯೇ ಮುಂದೆ ಯೋಜನೆಗಳ ಹಣೆಬರಹವಾಗದೆ ಇದ್ದಿದ್ದರೆ.

ಈಚೆಗೆ ನಾಲ್ಕು ದಿನ ಕಾರವಾರದಲ್ಲಿದ್ದೆ. ಮಧುಗಿರಿಯಂಥ ಬಯಲುಸೀಮೆಯಲ್ಲಿ ಬೆಳೆದವನಿಗೆ ನೀರು ಎಂದರೆ ಕೆರೆಯ ತಳದಲ್ಲಿ ಕಾಣುವ ವಸ್ತು. ಜಯಮಂಗಲಿಯಲ್ಲಿ ನೀರು ಹರಿದ ವರ್ಷವನ್ನು ನಮ್ಮವರು ಮಕ್ಕಳ ಹುಟ್ಟಿದ ವರ್ಷ ಹೇಳುವಾಗ ಗುರುತಿಗೆ ಬಳಸುವುದುಂಟು. ಅಂಥವನಿಗೆ ಕಡಲು ಬೆರಗು ಹುಟ್ಟಿಸುವುದು ಸಹಜ. ಆದರೆ ಈ ಬರಹದ ವಿಷಯ ಆ ಬೆರಗಲ್ಲ. ಕಾಳಿ ನದಿ ಕಡಲಿಗೆ ಸೇರುವ ಕೋಡಿಬಾಗದ ಕಡೆಯಿಂದ ಬೈತಖೋಲ್ ಗುಡ್ಡದ ಬುಡದ ಬಂದರಿನವರೆಗೆ ಬಿಲ್ಲಿನಂತೆ ಬಾಗಿರುವ ಆ ಮರಳಿನ ದಂಡೆ, ಅಂದರೆ ಇಂದು ರವೀಂದ್ರನಾಥ ಟ್ಯಾಗೋರ್ ಕಡಲತೀರವೆಂದು ಹೆಸರಾಗಿರುವುದು, ನಮ್ಮ ದಾಖಲೆಗಳಲ್ಲಿ ಯಾರದ್ದು ಎಂಬುದು ಇಲ್ಲಿಯ ಪ್ರಶ್ನೆ.

ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಕಾರವಾರಕ್ಕೊಂದು ವಿಶೇಷವಿದೆ. ಕಚೇರಿ, ಪೇಟೆ, ಬಸ್ ನಿಲ್ದಾಣಗಳಿಂದ ಹೊರಟು ಕೆಲವೇ ನಿಮಿಷ ನಡೆದರೆ ಸಮುದ್ರ. ನಡುವೆ ರಾಷ್ಟ್ರೀಯ ಹೆದ್ದಾರಿ 66 ಒಂದನ್ನು ದಾಟಬೇಕು, ಅಷ್ಟೆ. ಆ ‘ಅಷ್ಟೆ’ ರಸ್ತೆ ಅಗಲವಾದ ಮೇಲೆ ಮುದುಕರಿಗೂ ಮಕ್ಕಳಿಗೂ ಸಣ್ಣ ಮಾತಾಗಿ ಉಳಿದಿಲ್ಲ. ದಡದ ಮೇಲೆ ಚಪಲ್ ಎಂಬ ಕ್ಷಿಪಣಿ ನೌಕೆ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದರ ಬಳಿ ಈಗ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವೂ ಬಂದು ಸೇರಿದೆ. ಮಯೂರವರ್ಮ ವೇದಿಕೆ, ಉದ್ಯಾನ, ಶಿಲ್ಪಗಳು, ಚುರುಮುರಿಯ ಗಾಡಿಗಳು, ಎದುರಿಗೆ ಕೂರ್ಮಗಡ ಮೊದಲಾದ ದ್ವೀಪಗಳು, ಬಲಕ್ಕೆ ನದಿಯಾಚೆ ಸದಾಶಿವಗಡದ ಗುಡ್ಡ. ಕಾಳಿಗೆ ಕಟ್ಟಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿದ್ದದ್ದು ಓದುಗರಿಗೆ ನೆನಪಿರಬಹುದು. ಅದಕ್ಕೆ ಮೂರು ವಾರ ಮೊದಲು ಅದೇ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಜರಿದು ಜೀವಗಳು ಹೋಗಿದ್ದವು. ಈ ಕರಾವಳಿಯಲ್ಲಿ ನೆಲವನ್ನು ಕಡಿಯುವುದಕ್ಕೂ ಕಟ್ಟುವುದಕ್ಕೂ ತೆರಬೇಕಾದ ಬೆಲೆ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಜೆ ಆ ತೀರಕ್ಕೆ ಹೋದವರು ಅದನ್ನು ವಿಹಾರದ ತಾಣವೆಂದು ತಿಳಿಯುತ್ತಾರೆ. ಮುಂಜಾವಿನಲ್ಲಿ ಹೋದರೆ ಅದೊಂದು ಕೆಲಸದ ಮನೆ. ದೋಣಿಯನ್ನು ಮರಳಿಗೆ ಎಳೆದು ತರುವವರು, ಬಲೆಯ ಹರಕು ಹೊಲಿಯುವವರು, ಎಂಡಿ ಬಲೆಯ ಎರಡು ತುದಿಗಳನ್ನು ದಡದ ಮೇಲೆ ನಿಂತು ಹಗ್ಗಜಗ್ಗಾಟದಂತೆ ಎಳೆಯುವವರು, ಬುಟ್ಟಿ ಹಿಡಿದು ಕಾಯುವ ಹೆಂಗಸರು. ಬಿಸಿಲು ಏರುವ ಹೊತ್ತಿಗೆ ಬುಟ್ಟಿಗಳು ಪೇಟೆಯ ದಾರಿ ಹಿಡಿದಿರುತ್ತವೆ. ಮಧ್ಯಾಹ್ನ ಮರಳು ಖಾಲಿ. ಸಂಜೆಗೆ ಊರಿನ ಸಂಸಾರಗಳು. ಒಂದೇ ಮರಳಿನ ಮೇಲೆ ಎರಡು ಪಾಳಿ. ಇದಕ್ಕೆ ಯಾವ ಇಲಾಖೆಯೂ ವೇಳಾಪಟ್ಟಿ ಹಾಕಿಲ್ಲ, ಫಲಕ ನೆಟ್ಟಿಲ್ಲ, ಶುಲ್ಕ ಗೊತ್ತುಮಾಡಿಲ್ಲ. ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು, ಇಷ್ಟು ಜಾಗ ನಿಮ್ಮದು ಎನ್ನುವುದಕ್ಕೆ ಏನಾದರೂ ಕಾಗದವುಂಟೇ ಎಂದು ಕೇಳಿದೆ. ಕೆಲಸದ ಚಟ ಬಿಡದು. ಅವರು ಬಲೆಯಿಂದ ಕಣ್ಣೆತ್ತದೆ, ಅಂಗಳಕ್ಕೆ ಯಾರಾದರೂ ಕಾಗದ ಇಟ್ಟುಕೊಳ್ಳುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ಉತ್ತರ ಚೆನ್ನಾಗಿದೆ; ಆದರೆ ಕಚೇರಿಯಲ್ಲಿ ನಡೆಯುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣವು ಭರತದ ಗೆರೆಗಿಂತ ಕೆಳಗಿನ ಸಮುದ್ರದ ತಳ, ನದಿ, ಹಳ್ಳ, ಕೆರೆ, ದಾರಿ ಹಾಗೂ ವ್ಯಕ್ತಿಗಳ ಸ್ವತ್ತಲ್ಲದ ಎಲ್ಲ ನೆಲವೂ ರಾಜ್ಯ ಸರ್ಕಾರದ್ದೆಂದು ಘೋಷಿಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಯಾರದ್ದೂ ಅಲ್ಲದ್ದನ್ನು ಬಲಾಢ್ಯರು ಕಬಳಿಸದಂತೆ ಸರ್ಕಾರ ತನ್ನ ಹೆಸರಿಗೆ ಬರೆದುಕೊಂಡಿದೆ. ಸುಪ್ರೀಂ ಕೋರ್ಟ್ 1996ರಲ್ಲಿ ಕಮಲ್‌ನಾಥ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ, ಇನ್ನೊಂದು ಹೆಜ್ಜೆ ಮುಂದಿಟ್ಟು: ಸಮುದ್ರತೀರ, ಹರಿಯುವ ನೀರು, ಕಾಡು ಇವುಗಳಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ. ಒಡೆತನ ಮತ್ತು ಧರ್ಮದರ್ಶಿತ್ವ ಇವುಗಳ ನಡುವಿನ ಅಂತರ ನ್ಯಾಯಾಲಯಕ್ಕೆ ಸ್ಪಷ್ಟವಾಗಿದೆ. ತಹಸೀಲ್ದಾರರ ಕಚೇರಿಯ ಕಡತಕ್ಕೆ ಇನ್ನೂ ಆಗಿಲ್ಲ. ಏಕೆಂದರೆ ಧರ್ಮದರ್ಶಿಯು ಯಾರ ಪರವಾಗಿ ಕಾಯುತ್ತಿದ್ದಾನೆಂಬ ಹೆಸರುಗಳು ಪಹಣಿಯ ಯಾವ ಕಲಮಿನಲ್ಲಿಯೂ ಇಲ್ಲ.

ಕಾರವಾರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಉತ್ತರ ಕನ್ನಡವನ್ನು ಬ್ರಿಟಿಷರು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದಿದ್ದದ್ದು ಆಡಳಿತದ ಅನುಕೂಲಕ್ಕಿಂತ ಹತ್ತಿಯ ಲೆಕ್ಕ. ಅಮೆರಿಕದಲ್ಲಿ ಆಗ ಅಂತರ್ಯುದ್ಧ. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯಿಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಕಾರವಾರವೇ ಸರಿಯೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ತಂದರು. ಊರು ಜಿಲ್ಲಾ ಕೇಂದ್ರವಾಯಿತು, ಘಟ್ಟದ ರಸ್ತೆಗಳು ಬಂದವು, ದೊಡ್ಡ ಬಂದರಿನ ನಕ್ಷೆಗಳು ಸಿದ್ಧವಾದವು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ಮುಂದೆ 1880ರ ದಶಕದಲ್ಲಿ ಗೋವೆಯ ಮುರಗಾಂವ್ ಬಂದರಿಗೆ ರೈಲು ಹೋದಾಗ ಉಳಿದ ವ್ಯಾಪಾರವೂ ಅತ್ತ ಹರಿಯಿತು. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ತಮ್ಮ ರವೀಂದ್ರ ಬಂದು ಉಳಿದು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಆ ದಶಕದ ಆರಂಭದಲ್ಲಿ. ಅವರು ಕಂಡ ನಿರ್ಜನ ಸುಂದರ ತೀರವು ಹೀಗೆ ಒಂದು ಬಂದರಿನ ಕನಸು ಮುರಿದ ಮೇಲೆ ಉಳಿದದ್ದು. ಹತ್ತಿಯ ಬೆಲೆ ಇನ್ನು ಹತ್ತು ವರ್ಷ ಏರಿಯೇ ಇದ್ದಿದ್ದರೆ ಅವರಿಗೆ ಅಲ್ಲಿ ಗೋದಾಮುಗಳು ಕಾಣುತ್ತಿದ್ದವೋ ಏನೋ.

ಎರಡನೆಯ ಏರಿಕೆ ನಮ್ಮ ಕಣ್ಣ ಮುಂದೆಯೇ ನಡೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ಅದಿರನ್ನು ಕೊಳ್ಳತೊಡಗಿದಾಗ ಬಳ್ಳಾರಿಯ ಲಾರಿಗಳು ಹಗಲಿರುಳು ಘಟ್ಟ ಇಳಿದವು. ಕಾರವಾರ, ಬೇಲೆಕೇರಿ ಬಂದರುಗಳು ಕೆಂಪು ಧೂಳಿನಲ್ಲಿ ಮುಳುಗಿದವು. ಬಂದರು ಸಾಲದು, ಇನ್ನಷ್ಟು ಧಕ್ಕೆ ಬೇಕು ಎಂಬ ಮಾತು ಆಗ ಎಲ್ಲ ವರದಿಗಳಲ್ಲಿಯೂ ಇತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ಮಾಯವಾದ ಹಗರಣವಂತೂ ಲೋಕಾಯುಕ್ತರ ತನಿಖೆಯಿಂದ ನಾಡಿಗೆಲ್ಲ ಗೊತ್ತಾಯಿತು. ಲಾರಿಗಳು ನಿಂತವು. ಹತ್ತಿಯಂತೆಯೇ ಅದಿರೂ ಬಂದು ಹೋಯಿತು. ಒಂದು ಸರಕಿನ ಬೆಲೆ ಏರಿದಾಗ ಹುಟ್ಟುವ ಬೇಡಿಕೆಗೆ ಎಂದೆಂದಿಗೂ ಮರಳಿ ಬಾರದ ನೆಲವನ್ನು ಕೊಡುವುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠಕ್ಕೇ ವಿರುದ್ಧ. ಬಾಡಿಗೆಗೆ ಬಂದವನಿಗೆ ಮನೆಯ ಗೋಡೆ ಕೆಡವಲು ಅನುಮತಿ ಕೊಡುವ ಗೃಹಸ್ಥನಿರುವುದಿಲ್ಲ.

ಈ ನಡುವೆ ಇನ್ನೊಂದು ಸಂಗತಿ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಮೊದಲಾದ ಕೊಲ್ಲಿಗಳೂ ಊರುಗಳೂ ಸೀಬರ್ಡ್ ನೌಕಾನೆಲೆಗೆ ಹೋದವು. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಹನ್ನೊಂದು ಸಾವಿರ ಎಕರೆಗೂ ಹೆಚ್ಚು ನೆಲ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ದೇಶದ ರಕ್ಷಣೆಗೆ ನೆಲ ಬೇಕು ಎಂಬುದನ್ನು ಆ ಜನರೇ ಒಪ್ಪಿ ಕೊಟ್ಟರು. ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ತೋಡೂರು, ಮುದಗಾ ಮುಂತಾದೆಡೆ ಕಾಲೋನಿಗಳಾದವು. ಗದ್ದೆ, ತೋಟ ಕಳೆದುಕೊಂಡವರು ಹೆಚ್ಚಿನ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯ ಅಲೆದರು; ತಡವಾಗಿಯಾದರೂ ಅವರಿಗೆ ವಾದಿಸಲು ಒಂದು ಸರ್ವೆ ನಂಬರ್ ಇತ್ತು. ದೋಣಿ ಎಳೆಯುತ್ತಿದ್ದ ದಂಡೆ, ಮೀನು ಒಣಗಿಸುತ್ತಿದ್ದ ಮರಳು, ಬಲೆ ಬಿಡುತ್ತಿದ್ದ ಕೊಲ್ಲಿ ಇವುಗಳಿಗೆ ಸರ್ವೆ ನಂಬರ್ ಎಲ್ಲಿಯದು? ಗುಂಟೆಗೆ ಇಷ್ಟೆಂದು ಗೊತ್ತುಮಾಡುವ ಕಾನೂನಿಗೆ ಗುಂಟೆಯಲ್ಲಿ ಅಳೆಯಲಾಗದ ನಷ್ಟ ಕಾಣಲಿಲ್ಲ.

ಈ ಹಿನ್ನೆಲೆಯಲ್ಲಿಯೇ 2020ರ ಜನವರಿಯನ್ನು ಅರ್ಥ ಮಾಡಿಕೊಳ್ಳಬೇಕು. ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ಎರಡನೆಯ ಹಂತದ ವಿಸ್ತರಣೆಗೆ, ಟ್ಯಾಗೋರ್ ತೀರದ ಬದಿಯಿಂದ ಅಲೆ ತಡೆಗೋಡೆ ಕಟ್ಟಲು ಕಲ್ಲು ಸುರಿಯತೊಡಗಿದಾಗ ಮೀನುಗಾರರು ಬೀದಿಗಿಳಿದರು. ಬಂಧನಗಳಾದವು, ಊರು ಬಂದ್ ಆಯಿತು, ಕೊನೆಗೆ ಹೈಕೋರ್ಟಿನ ತಡೆಯಾಜ್ಞೆ ಬಂದು ಕಾಮಗಾರಿ ನಿಂತಿತು. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅಭಿವೃದ್ಧಿಗೆ ಅಡ್ಡಗಾಲು ಹಾಕುವ ಮತ್ತೊಂದು ಗಲಾಟೆಯಂತೆ ಕಂಡಿರಬಹುದು. ದಕ್ಷಿಣದ ಕೊಲ್ಲಿಗಳನ್ನು ಆಗಲೇ ಕೊಟ್ಟಾದ ಮೇಲೆ ಊರಿಗೆ ಉಳಿದಿರುವ ದೊಡ್ಡ ದಂಡೆ ಇದೊಂದೇ ಎಂಬುದು ನಕ್ಷೆ ತೆರೆದು ನೋಡಿದವರಿಗಷ್ಟೇ ಗೊತ್ತಾಗುವ ವಿಚಾರ. ಬಂದರು ಇಲಾಖೆಯವರು ತೀರದ ಸ್ವಲ್ಪವೇ ಭಾಗ ಹೋಗುತ್ತದೆ ಎನ್ನುತ್ತಿದ್ದರು. ಮರಳಿನ ವಿಷಯದಲ್ಲಿ ‘ಸ್ವಲ್ಪ’ ಎಂಬ ಮಾತಿಗೆ ಅರ್ಥ ಕಡಿಮೆ.

ಅದಕ್ಕೆ ಮದರಾಸಿನ ಮರೀನಾ ತೀರಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ದೇಶದ ಅತಿ ಪ್ರಸಿದ್ಧ ನಗರತೀರವಾದ ಅದು ಪ್ರಕೃತಿ ಕೊಟ್ಟದ್ದಲ್ಲ, ಬಹುಪಾಲು ಬಂದರು ಕೊಟ್ಟದ್ದು. 1870ರ ದಶಕದಲ್ಲಿ ಅಲ್ಲಿ ಬಂದರಿನ ಗೋಡೆಗಳ ಕೆಲಸ ಶುರುವಾಯಿತು. ಪೂರ್ವ ಕರಾವಳಿಯಲ್ಲಿ ಅಲೆಗಳು ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ ಮರಳನ್ನು ಸಾಗಿಸುತ್ತವೆ. ಗೋಡೆ ಅಡ್ಡ ಬಂದಾಗ ಮರಳು ದಕ್ಷಿಣದಲ್ಲಿ ತಂಗಿತು, ದಂಡೆ ವರ್ಷ ವರ್ಷಕ್ಕೂ ಅಗಲವಾಯಿತು. ಗವರ್ನರ್ ಗ್ರ್ಯಾಂಟ್ ಡಫ್ ಅಲ್ಲೊಂದು ವಿಹಾರಪಥ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಸೆನೆಟ್ ಹೌಸ್, ಪ್ರೆಸಿಡೆನ್ಸಿ ಕಾಲೇಜು, ವಿವೇಕಾನಂದರು ಉಳಿದಿದ್ದ ಐಸ್ ಹೌಸ್ ಇವುಗಳ ಮುಂದೆ ಹೋಗಿ ನಿಂತ ಪ್ರವಾಸಿಗ ಕಡಲನ್ನು ಮುಟ್ಟಲು ಈಗ ಬಹಳ ದೂರ ನಡೆಯಬೇಕು. ಇದು ಪೋಸ್ಟ್ ಕಾರ್ಡಿನ ಮುಂಭಾಗ. ಹಿಂಭಾಗದಲ್ಲಿರುವುದು ಬಂದರಿನ ಉತ್ತರದ ರಾಯಪುರಂ. ತನಗೆ ಬರಬೇಕಾದ ಮರಳು ಬಾರದೆ ಅಲ್ಲಿಯ ದಂಡೆ ಕೊರೆದು ಹೋಯಿತು; ಮೀನುಗಾರರ ಮನೆಗಳ ಸಾಲುಗಳನ್ನು ಸಮುದ್ರ ತೆಗೆದುಕೊಂಡಿತು; ಈಗ ಅಲ್ಲಿ ಕಲ್ಲುಗಳ ರಾಶಿಯೇ ದಡ. ದಕ್ಷಿಣದವರ ವಿಹಾರಕ್ಕೆ ಉತ್ತರದವರು ತಮ್ಮ ಅಂಗಳ ತೆತ್ತರು. ಯಾವ ಬಜೆಟ್ಟಿನಲ್ಲಿಯೂ ಈ ವರ್ಗಾವಣೆ ಕಾಣಿಸಲಿಲ್ಲ.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳ ಅಳಿವೆಗೆ ಗೋಡೆ ಕಟ್ಟಿದ ಮೇಲೆ ಉಳ್ಳಾಲದ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿಯಾಯಿತು. ಅದನ್ನು ತಡೆಯಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಸಮುದ್ರದೊಳಗೆ ಮತ್ತೆ ಕಟ್ಟಬೇಕಾಯಿತು. ಮೊದಲ ಗೋಡೆಯ ಲಾಭ-ನಷ್ಟದ ಲೆಕ್ಕಕ್ಕೆ ಎರಡನೆಯದರ ಸಾಲವನ್ನು ಸೇರಿಸಿ ನೋಡಿದವರು ಯಾರೂ ಇದ್ದಂತಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ಒಂದು ವಿಷಯ. ಒಂದು ಯೋಜನೆಗೆ ಖಾಸಗಿ ಜಮೀನು ಬೇಕಾದರೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ನೋಡುತ್ತೇವೆ, ಅದರ ಮೇಲೆ ಪರಿಹಾರ, ಬಡ್ಡಿ ಎಲ್ಲ ಸೇರಿಸುತ್ತೇವೆ. ಕಡಲತೀರ ಎಂದೂ ಮಾರಾಟವಾಗದ್ದರಿಂದ ಅದಕ್ಕೆ ದರವೇ ಇಲ್ಲ. ದರವಿಲ್ಲದ್ದು ಅಂದಾಜುಪಟ್ಟಿಯಲ್ಲಿ ಸೊನ್ನೆಯಾಗುತ್ತದೆ. ಸೊನ್ನೆಯ ನೆಲದ ಮೇಲೆ ಕಟ್ಟಿದ ಯಾವ ಯೋಜನೆಯೂ ಕಾಗದದಲ್ಲಿ ಲಾಭದಾಯಕವಾಗಿಯೇ ಕಾಣುತ್ತದೆ. ಆದ್ದರಿಂದಲೇ ಎರಡು ಜಾಗಗಳ ನಡುವೆ ಆಯ್ಕೆ ಬಂದಾಗ ಗೋಮಾಳ, ಕೆರೆಯಂಗಳ, ಕಾವಲು, ಕಡಲತೀರ ಇವೇ ಮೊದಲು ಹೋಗುತ್ತವೆ. ಯಾರ ದುಷ್ಟತನವೂ ಇದಕ್ಕೆ ಬೇಕಾಗಿಲ್ಲ, ಪ್ರಾಮಾಣಿಕ ಅಧಿಕಾರಿಯ ಪ್ರಾಮಾಣಿಕ ಕೂಡಿಸುವಿಕೆ ಸಾಕು.

ನಮ್ಮ ಸೀಮೆಯನ್ನೇ ನೋಡಿ. ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಹುಲ್ಲುಗಾವಲು ಬಿಡಬೇಕೆಂದು ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆಗಳ ಗೋಮಾಳಗಳಲ್ಲಿ ಬಗರ್‌ಹುಕುಂ ಸಕ್ರಮ, ನಿವೇಶನ, ಸಂಸ್ಥೆಗಳಿಗೆ ಮಂಜೂರಾತಿ ಇವೆಲ್ಲ ಆದ ಮೇಲೆ ಆ ಲೆಕ್ಕ ಕೂಡುವ ಹಳ್ಳಿಗಳನ್ನು ಹುಡುಕಬೇಕು. ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳಿಗಾಗಿ 2007ರಲ್ಲಿ ಸಂರಕ್ಷಿತವಾದದ್ದು ಒಂದು ಪುಣ್ಯ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಬಂತು. ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ಒಳ್ಳೆಯ ಯೋಚನೆ. ಪದೇ ಪದೇ ಬರ ಕಂಡ ತಾಲೂಕಿನ ಭೂಮಾಲೀಕನಿಗೆ ನಿಶ್ಚಿತ ಆದಾಯ ಸಿಕ್ಕಿತು. ಆದರೆ ಕುಯಿಲಾದ ಮೇಲೆ ಅದೇ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಅಲ್ಲಿ ಕೂಲಿ ಮಾಡುತ್ತಿದ್ದವಳಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಅವರ ಹೆಸರು ಪಹಣಿಯಲ್ಲಿರಲಿಲ್ಲ. ಪಕ್ಕದ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಬೇಲಿ ಬೀಳುವವರೆಗೂ ಸುತ್ತಲ ಕುರಿಗಾಹಿಗಳಿಗೆ ಸುದ್ದಿಯೇ ತಲುಪಿರಲಿಲ್ಲ. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುರಿಗಾಹಿಯ ಕಾವಲಿಗೂ ಹರಿಕಂತ್ರರ, ಖಾರ್ವಿಗಳ ಮರಳಿಗೂ ನಡುವೆ ಘಟ್ಟವಿದೆ ಅಷ್ಟೆ, ಕಾನೂನಿನ ಮುಂದೆ ಎರಡೂ ಒಂದೇ.

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ, ಅದು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದದ್ದನ್ನು ನಮ್ಮ ಕಾಲದ ಅರ್ಥಶಾಸ್ತ್ರದ ತರಗತಿಗಳಲ್ಲಿ ವೇದವಾಕ್ಯದಂತೆ ಹೇಳುತ್ತಿದ್ದರು. ಅದಕ್ಕೆ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಂ. ಟರ್ಕಿಯ ಅಲಾನ್ಯಾ ಎಂಬ ಕಡಲೂರಿನ ಮೀನುಗಾರರು ಬಲೆ ಬಿಡುವ ಸ್ಥಳಗಳನ್ನು ಚೀಟಿ ಎತ್ತಿ ಹಂಚಿಕೊಳ್ಳುವುದನ್ನೂ ಜಗತ್ತಿನ ಇಂಥ ಹಲವು ಏರ್ಪಾಡುಗಳನ್ನೂ ಅಧ್ಯಯನ ಮಾಡಿ, ಜನ ತಾವೇ ನಿಯಮ ಮಾಡಿಕೊಂಡ ಕಡೆ ಸಾಮೂಹಿಕ ಸಂಪತ್ತು ಉಳಿಯುತ್ತದೆಂದು ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಎನ್.ಎಸ್. ಜೋಧಾ ಅವರು 1986ರಲ್ಲೇ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ ಹಳ್ಳಿಗಳನ್ನು ಸುತ್ತಿ, ಸ್ವಾತಂತ್ರ್ಯಾನಂತರ ಸಾಮೂಹಿಕ ನೆಲ ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗಿರುವುದನ್ನೂ ಅದರಿಂದ ಹೆಚ್ಚು ಕಳೆದುಕೊಂಡವರು ಬಡವರೇ ಎಂಬುದನ್ನೂ ದಾಖಲಿಸಿದ್ದರು. ಕಾರವಾರಕ್ಕೆ ಅಲಾನ್ಯಾ ಹೊಸದಲ್ಲ. ರಂಪಣಿ ಬಲೆಯ ಕಾಲದಲ್ಲಿ ಹತ್ತಾರು ಜನ ಸೇರಿ ಎಳೆದ ಬಂಗುಡೆ, ತಾರಲೆ ಮೀನು ದಡದ ಮೇಲೆಯೇ ಪಾಲಾಗುತ್ತಿತ್ತು; ಯಾರ ಬಲೆ ಎಲ್ಲಿ, ಯಾವ ಸರದಿಯಲ್ಲಿ ಎಂಬುದಕ್ಕೆ ಕಟ್ಟಳೆಯಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡುಗಳನ್ನು ದಡ ಮುಟ್ಟುವ ಮೊದಲೇ ಸುತ್ತಿಕೊಂಡವು, ರಂಪಣಿ ಮೂಲೆಗೆ ಬಿತ್ತು. ಆದರೂ ಪಾಲಿನ ಪದ್ಧತಿ ಸತ್ತಿಲ್ಲ. ಎಂಡಿ ಬಲೆಯಲ್ಲಿ ಈಗಲೂ ಅದನ್ನು ಕಾಣಬಹುದು.

ಹಾಗಾದರೆ ಮಾಡಬೇಕಾದದ್ದೇನು? ಬಂದರೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಉತ್ತರ ಕರ್ನಾಟಕದ ಸರಕಿಗೆ ಹತ್ತಿರದ ಬಂದರು ಬೇಕೆಂಬ ವಾದದಲ್ಲಿ ತಿರುಳಿದೆ. ಘಟ್ಟ ಹತ್ತುವ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಡತದಲ್ಲಿಯೇ ಇರುವಾಗ ಬಂದರನ್ನು ಮಾತ್ರ ಹಿಗ್ಗಿಸಿ ಏನು ಪ್ರಯೋಜನ ಎಂಬುದು ಬೇರೆ ಮಾತು. ಇತ್ತ ಪ್ರವಾಸೋದ್ಯಮವೊಂದೇ ತೀರವನ್ನು ಉಳಿಸುತ್ತದೆ ಎಂದು ನಂಬುವವರ ಜೊತೆಯಲ್ಲಿಯೂ ನಾನಿಲ್ಲ. ಬೇಲಿ, ಟಿಕೆಟ್ಟು, ‘ಸೌಂದರ್ಯೀಕರಣ’ ಎಂಬ ಕರ್ಕಶ ಶಬ್ದ ಇವುಗಳ ಹಿಂದೆ ಮುಂಜಾವಿನ ಪಾಳಿಯವರನ್ನು ಓಡಿಸಿ ಸಂಜೆಯ ಪಾಳಿಯವರಿಗೆ ಜಾಗ ಮಾಡುವ ಹುನ್ನಾರ ಎಷ್ಟೋ ಊರುಗಳಲ್ಲಿ ಕಂಡಿದೆ. ಮರೀನಾದ ಪಕ್ಕದ ನೊಚ್ಚಿಕುಪ್ಪಂ ರಸ್ತೆಯ ಮೀನಿನಂಗಡಿಗಳ ಮೇಲೆ 2023ರಲ್ಲಿ ನಡೆದ ತೆರವು ಕಾರ್ಯಾಚರಣೆ ತೀರಾ ಈಚಿನದು. ಸಂಚಾರಕ್ಕೆ ಅಡ್ಡಿ ಎಂಬುದು ಅಲ್ಲಿಯ ಕಾರಣ. ಆ ಬೆಸ್ತರ ಕುಪ್ಪಗಳಿಗಿಂತ ಆ ರಸ್ತೆ ಬಹಳ ಕಿರಿಯದು.

ನನ್ನ ಸಲಹೆ ಇವೆರಡಕ್ಕಿಂತ ಸಣ್ಣದು, ಬಹುಶಃ ನೀರಸವಾದದ್ದು. ಒಡೆತನವನ್ನು ಕೊಡದೆ ಬಳಕೆಯ ಹಕ್ಕನ್ನು ಮಾತ್ರ ದಾಖಲೆಯಲ್ಲಿ ಬರೆಯುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ, ವಿಚಿತ್ರವೆಂದರೆ ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಅದಕ್ಕೆ ನೂರು ವರ್ಷ ಮೀರಿದ ಉದಾಹರಣೆಯಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರಿಗೆ ಸೊಪ್ಪು, ದರಕಿಗಾಗಿ ಬಿಟ್ಟುಕೊಟ್ಟ ‘ಬೆಟ್ಟ’ ಸರ್ಕಾರದ್ದೇ; ತೋಟ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಬೆಟ್ಟದ ಸವಲತ್ತು ದಾಖಲಾಗಿದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳೂ ಇದೇ ಜಾತಿಯವು. ಭೂಕಂದಾಯ ಅಧಿನಿಯಮದ 79ನೇ ಪ್ರಕರಣ ಈ ಸವಲತ್ತುಗಳನ್ನು ಹೆಸರು ಹಿಡಿದು ಕಾಪಾಡಿದೆ. ತೋಟದವನ ಸೊಪ್ಪಿಗೆ ಸಿಕ್ಕ ಸಾಲು ಮೀನುಗಾರನ ಮರಳಿಗೆ ಏಕೆ ಸಿಗಲಿಲ್ಲ? ತೋಟಿಗನಿಗೆ ಅರ್ಜಿ ಬರೆಯಲು ಬರುತ್ತಿತ್ತು ಎಂಬುದನ್ನು ಬಿಟ್ಟರೆ ನನಗೆ ಬೇರೆ ಉತ್ತರ ಹೊಳೆಯುವುದಿಲ್ಲ.

ಆ ಪ್ರಕರಣಕ್ಕೆ ಕಡಲತೀರದ ಬಳಕೆಯನ್ನೂ ಒಂದು ತಿದ್ದುಪಡಿಯಿಂದ ಸೇರಿಸಬಹುದು. ಯಾವ ಭಾಗ ದೋಣಿ ಎಳೆಯುವುದಕ್ಕೆ, ಯಾವುದು ಬಲೆಗೆ, ಯಾವುದು ಮೀನು ಒಣಗಿಸಲು, ಯಾವುದು ಊರಿನ ಸಂಜೆಗೆ ಎಂಬುದು ಗ್ರಾಮನಕ್ಷೆಯಲ್ಲಿ ಬಂದರೆ, ನಾಳೆ ಯಾವುದೇ ಯೋಜನೆ ಆ ನೆಲವನ್ನು ಕೇಳಿದಾಗ ಅಂದಾಜುಪಟ್ಟಿಯಲ್ಲಿ ಸೊನ್ನೆ ಬರೆಯಲು ಬರುವುದಿಲ್ಲ. ಕೊಡಲೇಬೇಕಾದರೆ ಯಾರಿಗೆ ಏನು ಕೊಡಬೇಕೆಂಬುದಾದರೂ ಗೊತ್ತಿರುತ್ತದೆ. ಕೇಂದ್ರದ 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಮೀನುಗಾರ ಗ್ರಾಮಗಳನ್ನೂ ಅವರ ಸಾಮೂಹಿಕ ಸ್ಥಳಗಳನ್ನೂ ನಕ್ಷೆಯಲ್ಲಿ ಗುರುತಿಸಲು ಹೇಳಿತ್ತು. ಅದು ಪರಿಸರ ಇಲಾಖೆಯ ನಕ್ಷೆ. ಹಕ್ಕಿನ ಪ್ರಶ್ನೆ ಬಂದಾಗ ನಮ್ಮ ದೇಶದಲ್ಲಿ ನಡೆಯುವುದು ಕಂದಾಯ ಇಲಾಖೆಯ ಪುಸ್ತಕ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ನಡೆದ ಹೋರಾಟವನ್ನೂ ಅಂಕೋಲಾದ ಕೇಣಿಯಲ್ಲಿ 2025ರಲ್ಲಿ ಎದ್ದ ವಿರೋಧವನ್ನೂ ನೋಡಿದರೆ, ಅಲ್ಲಿಯ ಜಗಳದಲ್ಲಿ ಅರ್ಧ ಈ ಒಂದು ದಾಖಲೆಯ ಅಭಾವದಿಂದಲೇ ಹುಟ್ಟಿದ್ದೆಂದು ತೋರುತ್ತದೆ. ಮನೆ ಕಟ್ಟಿಕೊಂಡು ಬಾಳಿದವರು ಅತಿಕ್ರಮಣಕಾರರೆನಿಸಿಕೊಂಡಿದ್ದಾರೆ, ನಿನ್ನೆ ಮೊನ್ನೆ ಗುತ್ತಿಗೆ ಪತ್ರ ತಂದವರು ಹಕ್ಕುದಾರರಾಗಿದ್ದಾರೆ.

ಇದಕ್ಕೆ ಹಣ ಬೇಕೇ? ಹೆಚ್ಚೇನೂ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೊಡ್ಡ ದೋಣಿಗಳು ಬೈತಖೋಲ್‌ನಲ್ಲಿ ಲಂಗರು ಹಾಕಿರುತ್ತವೆ, ನಾಡದೋಣಿಗಳಲ್ಲಿ ಬಹುಪಾಲು ದಂಡೆಯ ಮೇಲೆಯೇ ಇರುತ್ತವೆ, ಜನ ಊರಿನಲ್ಲಿಯೇ ಸಿಗುತ್ತಾರೆ. ಯಾರ ದೋಣಿ ಎಲ್ಲಿ ನಿಲ್ಲುತ್ತದೆಂಬುದನ್ನು ಆಗ ಕಣ್ಣಾರೆ ಎಣಿಸಬಹುದು. ತಾಲೂಕಿನ ಇಬ್ಬರು ಭೂಮಾಪಕರು, ಒಬ್ಬ ಗ್ರಾಮ ಲೆಕ್ಕಿಗ, ಮೀನುಗಾರಿಕೆ ಇಲಾಖೆಯ ಒಬ್ಬ ನೌಕರ, ಜೊತೆಗೆ ಪ್ರತಿ ಕೇರಿಯಿಂದ ಹಿರಿಯರಿಬ್ಬರು ಮತ್ತು ಮೀನು ಮಾರುವ ಹೆಂಗಸರಿಬ್ಬರು. ಕೊನೆಯವರನ್ನು ಬಿಡುವಂತಿಲ್ಲ, ಒಣಗಿಸುವ ಮರಳು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅವರಿಗಷ್ಟೇ ಸರಿಯಾಗಿ ಗೊತ್ತು. ಮಳೆಯಲ್ಲಿ ಸರಪಳಿ ಹಿಡಿಯುವುದು ಕಷ್ಟ ಎಂದು ಭೂಮಾಪಕರು ಹೇಳಬಹುದು. ಅವರಿಗೆ ಛತ್ರಿಯ ಭತ್ಯೆ ಕೊಟ್ಟರಾಯಿತು.